ಬೆನ್ನಿನ ನೀರು, ಕೆರೆಯ ಕೋಡಿ

ನಮ್ಮ ಆಲೂರು, ಸಕಲೇಶಪುರದ ಕಡೆ ಡಾಕ್ಟ್ರು "ಬೆನ್ನಿಂದ ಸ್ವಲ್ಪ ನೀರು ತೆಗೆದು ಟೆಸ್ಟ್ ಮಾಡ್ಬೇಕು" ಅಂದ್ರೆ ಮನೆಯವರ ಮುಖ ಬಿಳಿಚಿಕೊಳ್ಳುತ್ತೆ. ಆಪರೇಷನ್ ಅಂದ್ರೂ ಅಷ್ಟು ಹೆದರಲ್ಲ. ಆ ನೀರು ದೇವರು ಅಳೆದು ಕೊಟ್ಟಿದ್ದು, ಒಂದ್ಸಲ ತೆಗೆದ್ರೆ ಮತ್ತೆ ಬರಲ್ಲ, ಆಮೇಲೆ ಮನುಷ್ಯ ಸೊಂಟ ಎತ್ತಲ್ಲ ಅನ್ನೋ ನಂಬಿಕೆ ಗಟ್ಟಿಯಾಗಿ ಕೂತಿದೆ. ಬೆಂಗಳೂರಲ್ಲಿರೋ ಇಂಜಿನಿಯರ್ ಹುಡುಗನಿಗೆ ಫೋನ್ ಬರೋದು ಆಗಲೇ. ನಾನು ಓದಿದ್ದು ಬಿ.ಇ., ಬರೆಯೋದು ಜಾವಾ ಕೋಡ್. ಆದ್ರೆ ಊರಿನ ಲೆಕ್ಕದಲ್ಲಿ ಓದಿದವನಿಗೆ ಎಲ್ಲಾ ಗೊತ್ತಿರುತ್ತೆ! ಅಂಥ ಫೋನುಗಳಿಗೆ ಉತ್ತರ ಹುಡುಕ್ತಾ ಈ ನೀರಿನ ಚರಿತ್ರೆಗೆ ಇಳಿದೆ.

ಮೊದಲು ಲೆಕ್ಕ ನೋಡಿ. ದೊಡ್ಡವರ ಮೆದುಳು, ಬೆನ್ನುಹುರಿಯ ಒಳಗೂ ಸುತ್ತಲೂ ಇರೋ ನೀರು ಸುಮಾರು 150 ಮಿಲಿ, ಒಂದು ಲೋಟ ಕಾಫಿಯಷ್ಟು. ಆದರೆ ದಿನಕ್ಕೆ ಹೊಸದಾಗಿ ತಯಾರಾಗೋದು ಸುಮಾರು 500 ಮಿಲಿ. ಅಂದರೆ ಇದ್ದ ನೀರೆಲ್ಲ ದಿನಕ್ಕೆ ಮೂರು ಸಲ ಬದಲಾಗುತ್ತೆ. ಪರೀಕ್ಷೆಗೆ ತೆಗೆಯೋದು ಸಾಮಾನ್ಯವಾಗಿ 10-15 ಮಿಲಿ. ಗಂಟೆಗೆ 20 ಮಿಲಿ ಹುಟ್ಟೋ ಕಡೆ ಅದು ಒಂದು ಗಂಟೆಯೊಳಗೆ ಭರ್ತಿ. ಇಷ್ಟು ನೀರಿನಲ್ಲಿ ತೇಲೋದರಿಂದಲೇ 1400 ಗ್ರಾಂ ತೂಕದ ಮೆದುಳು ತಲೆಬುರುಡೆಯೊಳಗೆ 50 ಗ್ರಾಂನಷ್ಟು ಹಗುರವಾಗಿ ಕೂತಿರುತ್ತೆ.

ಇಂಥ ನೀರು ಸಾವಿರಾರು ವರ್ಷ ಅಂಗರಚನೆಯ ಪಂಡಿತರ ಕಣ್ಣಿಗೇ ಬೀಳಲಿಲ್ಲ. ಮೆದುಳಿನೊಳಗಿನ ಕೋಣೆಗಳಲ್ಲಿ ಒಂದು ಥರದ ಚೈತನ್ಯದ ಗಾಳಿ ಇರುತ್ತೆ ಅಂತ ಗ್ರೀಕ್ ವೈದ್ಯ ಗ್ಯಾಲನ್ ಕಾಲದಿಂದ ನಂಬಿಕೊಂಡು ಬಂದಿದ್ರು. ಯಾಕೆ ಕಾಣಲಿಲ್ಲ ಅನ್ನೋದಕ್ಕೆ ಕಾರಣ ಹೇಳಿದವನು ನೇಪಲ್ಸ್‌ನ ಡೊಮೆನಿಕೊ ಕೊಟುನ್ಯೊ. ಹೆಣ ಕೊಯ್ಯುವಾಗ ಎಲ್ಲರೂ ಮೊದಲು ತಲೆಯನ್ನೇ ಬೇರ್ಪಡಿಸ್ತಿದ್ರು. ನೀರೆಲ್ಲ ಅಲ್ಲೇ ಸೋರಿ ಹೋಗ್ತಿತ್ತು, ಖಾಲಿ ಜಾಗ ಮಾತ್ರ ಉಳೀತಿತ್ತು. ಕೊಟುನ್ಯೊ ಹೆಣವನ್ನು ನೆಟ್ಟಗೆ ನಿಲ್ಲಿಸಿ ಬೆನ್ನಿನ ಕೆಳಭಾಗ ತೆರೆದ, ನೀರು ಹರಿಯಿತು. ಅದನ್ನು ಅವನು ಬರೆದಿದ್ದು 1764ರಲ್ಲಿ, ಸಯಾಟಿಕಾ ನೋವಿನ ಮೇಲಿನ ಪುಸ್ತಕದೊಳಗೆ. ಹಾಗಾಗಿ ಜಾಸ್ತಿ ಜನ ಗಮನಿಸಲೂ ಇಲ್ಲ. ಪ್ಯಾರಿಸ್ಸಿನ ಮಾಜಾಂಡಿ ಇದನ್ನು ಮತ್ತೆ ಎತ್ತಿಕೊಂಡು ಹೆಸರಿಡೋ ಹೊತ್ತಿಗೆ 19ನೇ ಶತಮಾನದ ಕಾಲುಭಾಗ ಕಳೆದಿತ್ತು.

ನೀರು ಇದೆ, ಸರಿ. ಬರೋದು ಎಲ್ಲಿಂದ? ಇದಕ್ಕೆ ಜವಾಬು ಸಿಕ್ಕಿದ್ದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ. ಮೆದುಳಿನ ಮೂರನೇ, ನಾಲ್ಕನೇ ಕೋಣೆಯ ನಡುವೆ ಒಂದು ಸಣ್ಣ ಕಾಲುವೆ ಇದೆ. ವಾಲ್ಟರ್ ಡ್ಯಾಂಡಿ, ಕೆನೆತ್ ಬ್ಲ್ಯಾಕ್‌ಫ್ಯಾನ್ 1913ರ ಆಸುಪಾಸಿನಲ್ಲಿ ನಾಯಿಗಳಲ್ಲಿ ಆ ಕಾಲುವೆ ಮುಚ್ಚಿ ನೋಡಿದ್ರು. ಮೇಲಿನ ಕೋಣೆಗಳು ಊದಿಕೊಂಡವು. ಅಂದರೆ ನೀರು ಒಳಗಡೆಯೇ ಹುಟ್ಟಿ ಹೊರಗೆ ಹರಿಯುತ್ತೆ. ಆಮೇಲೆ ಡ್ಯಾಂಡಿ ಒಂದು ಕೋಣೆಯೊಳಗಿನ ಕೊರಾಯ್ಡ್ ಪ್ಲೆಕ್ಸಸ್ ಅನ್ನೋ ಕೆಂಪು ಕುಚ್ಚನ್ನೇ ಕಿತ್ತುಹಾಕಿ ದಾರಿ ಮುಚ್ಚಿದ. ಆ ಕೋಣೆ ಊದಲಿಲ್ಲ, ಪಕ್ಕದ್ದು ಊದಿತು. ಪ್ರಯೋಗ ತೀರ ಸಣ್ಣದು, ಆಮೇಲೆ ಅದನ್ನ ಪ್ರಶ್ನಿಸಿದವರೂ ಇದ್ದಾರೆ. ಆದರೂ ಹೆಚ್ಚಿನ ನೀರು ಹುಟ್ಟೋದು ಆ ಕುಚ್ಚಿನಿಂದಲೇ ಅನ್ನೋದು ಇವತ್ತಿಗೂ ನಿಂತಿದೆ. ಅದರ ಜೀವಕೋಶಗಳು ರಕ್ತದ ಕಡೆಯಿಂದ ಸೋಡಿಯಂ ಮತ್ತಿತರ ಲವಣಗಳನ್ನು ಕೋಣೆಯೊಳಕ್ಕೆ ಪಂಪ್ ಮಾಡ್ತವೆ, ನೀರು ಉಪ್ಪಿನ ಹಿಂದೆ ಬರುತ್ತೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ತೋಟದ ಕೆರೆ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತೆ. ಕೆರೆ ಎಷ್ಟು ತುಂಬಿದೆ ಅಂತ ಒರತೆಗೆ ಗೊತ್ತಿರಲ್ಲ, ಅದರ ಪಾಡಿಗೆ ಅದು ಬರ್ತಾ ಇರುತ್ತೆ. ಮಟ್ಟ ಕಾಯೋದು ಕೋಡಿ. ಮೆದುಳಲ್ಲೂ ಹಾಗೇ. ಒತ್ತಡ ಏರಿದ್ರೂ ಕುಚ್ಚು ಹೆಚ್ಚುಕಮ್ಮಿ ಅದೇ ವೇಗದಲ್ಲಿ ನೀರು ಬಿಡ್ತಿರುತ್ತೆ. ಮೆದುಳಿನ ಹೊದಿಕೆಯಿಂದ ದೊಡ್ಡ ರಕ್ತನಾಳದೊಳಕ್ಕೆ ಸಣ್ಣ ಮೊಗ್ಗುಗಳು ಚಾಚಿಕೊಂಡಿವೆ. ನೀರಿನ ಒತ್ತಡ ರಕ್ತದ್ದಕ್ಕಿಂತ ಹೆಚ್ಚಾದಷ್ಟೂ ಅವು ಜಾಸ್ತಿ ನೀರನ್ನು ರಕ್ತಕ್ಕೆ ದಾಟಿಸ್ತವೆ. ಮೂಗಿನ ಮೇಲ್ಭಾಗದಿಂದ, ನರಗಳ ಬುಡದಿಂದ ಹೋಗೋ ದಾರಿಗಳೂ ಇವೆ. 2015ರಲ್ಲಿ ಇಲಿಗಳ ಮೆದುಳಿನ ಹೊದಿಕೆಯಲ್ಲಿ ಇನ್ನೊಂದು ಬಗೆಯ ನಾಳಗಳು ಸಿಕ್ಕಮೇಲೆ ಯಾವ ಕೋಡಿ ಎಷ್ಟು ಮುಖ್ಯ ಅನ್ನೋ ಜಗಳ ಜೋರಾಗಿದೆ. ಒರತೆಯನ್ನೇ ಕಡಿಮೆ ಮಾಡೋ ಮಾತ್ರೆಯೂ ಇದೆ, ಅಸೆಟಜೋಲಮೈಡ್ ಅಂತ. ಆದರೆ ಕೋಡಿ ಕಟ್ಟಿಕೊಂಡ ಮೇಲೆ ಒರತೆ ಜೊತೆ ಗುದ್ದಾಡಿ ಎಷ್ಟು ದಿನ ನಡೆಯುತ್ತೆ?

ಬದುಕಿರೋ ಮನುಷ್ಯನ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆಯೋ ಪದ್ಧತಿ ಕೊಟ್ಟಿದ್ದು 1891ರಲ್ಲಿ, ಜರ್ಮನಿಯ ಕೀಲ್ ಊರಿನ ಹೈನ್‌ರಿಶ್ ಕ್ವಿಂಕೆ. ಅದೇ ಊರಲ್ಲಿ 1898ರಲ್ಲಿ ಸರ್ಜನ್ ಆಗಸ್ಟ್ ಬೀರ್ ತನ್ನ ಮೇಲೇ ಪ್ರಯೋಗ ಮಾಡಿಸಿಕೊಂಡ. ಬೆನ್ನಿಗೆ ಕೊಕೇನ್ ಕೊಟ್ಟು ಮರಗಟ್ಟಿಸೋ ಯೋಚನೆ. ಸಿರಿಂಜ್ ಸೂಜಿಗೆ ಕೂರಲಿಲ್ಲ, ನೀರು ಸುಮ್ಮನೆ ಹರಿದುಹೋಯಿತು. ಮಾರನೇ ದಿನದಿಂದ ಎದ್ದು ಕೂತರೆ ತಲೆ ಸಿಡಿಯೋದು, ಮಲಗಿದರೆ ಮಾಯ. ಒಂಬತ್ತು ದಿನ ಹಾಸಿಗೆ ಹಿಡಿದ. ತೂತಿನಿಂದ ನೀರು ಸೋರಿ ಒತ್ತಡ ಇಳಿದ್ರೆ ಬರೋ ನೋವು ಅದು. ಸಿಸೇರಿಯನ್ ಆದ ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತು. ತೆಳು ಸೂಜಿ ಬಂದಮೇಲೆ ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ.

ಹಾಗಾಗಿ ಊರವರ ಹೆದರಿಕೆಯನ್ನು ಮೌಢ್ಯ ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ತಲೆಯೊಳಗೆ ಗಡ್ಡೆ ಇದ್ದಾಗ ಕೆಳಗಿನಿಂದ ನೀರು ತೆಗೆದ್ರೆ ಮೆದುಳು ಕೆಳಕ್ಕೆ ಜಾರಿ ಜೀವಕ್ಕೇ ಅಪಾಯ. ಅದಕ್ಕೇ ಸಂಶಯ ಇದ್ರೆ ಮೊದಲು ಸ್ಕ್ಯಾನ್ ಮಾಡ್ತಾರೆ. ಇನ್ನೊಂದು ಕಾರಣ ಹೆಚ್ಚು ಸಂಕಟದ್ದು. ಮೆದುಳು ಜ್ವರದ ರೋಗಿಯನ್ನು ಪ್ರಜ್ಞೆ ತಪ್ಪಿದ ಮೇಲೆ ಕರ್ಕೊಂಡು ಬರ್ತಾರೆ, ಸೂಜಿ ಹಾಕ್ತಾರೆ, ರೋಗಿ ಉಳಿಯಲ್ಲ. ಊರಿನ ನೆನಪಲ್ಲಿ ಉಳಿಯೋದು ಸೂಜಿ. ನಮ್ಮ ಸಂಬಂಧಿಕರೊಬ್ಬರ ಮಗುವಿಗೆ ಜ್ವರ, ಫಿಟ್ಸ್ ಬಂದಾಗ ಸಹಿ ಹಾಕೋಕೆ ಒಂದು ಇಡೀ ರಾತ್ರಿ ತಗೊಂಡ್ರು. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ, "ಮತ್ತೆ ಊರುತ್ತೇನಪ್ಪಾ?" ಊರುತ್ತೆ ಅಜ್ಜೀ ಅಂದೆ. ಕ್ಷಯದ ಮೆದುಳು ಜ್ವರದಲ್ಲಿ ಅಂಥ ಒಂದೊಂದು ರಾತ್ರಿಗೂ ಬೆಲೆ ಇದೆ. ಆ ಕಾಯಿಲೆ ಕೋಡಿಯನ್ನೇ ಕಟ್ಟಿಬಿಡುತ್ತೆ, ತಲೆಯಲ್ಲಿ ನೀರು ತುಂಬುತ್ತೆ.

ಇನ್ನು ಬೆಂಗಳೂರಿಗೆ ಬರೆದುಕೊಟ್ರೆ ಬೇರೆ ತಕರಾರು. 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ಪಕ್ಕದ ಸರ್ಕಾರಿ ಮಾನಸಿಕ ಆಸ್ಪತ್ರೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯ್ತು. ಹೆಸರಿನಲ್ಲೇ ನರವಿಜ್ಞಾನ ಇದೆ, ನರಶಸ್ತ್ರಚಿಕಿತ್ಸೆ ಅಲ್ಲಿನ ದೊಡ್ಡ ವಿಭಾಗ. ಆದರೂ ನಮ್ಮ ಕಡೆ ಅದು ಇನ್ನೂ "ಹುಚ್ಚಾಸ್ಪತ್ರೆ". ಮಗೂಗೆ ಹುಚ್ಚಾ ಅಂತ ನೆಂಟರು ಕೇಳ್ತಾರಲ್ಲ ಅಂತಲೇ ಹಿಂದೇಟು ಹಾಕಿದವರನ್ನ ನೋಡಿದೀನಿ.

ಕಟ್ಟಿದ ಕೋಡಿಗೆ ಬದಲಿ ಕೋಡಿ ಮಾಡಿದವನು ಡಾಕ್ಟ್ರಲ್ಲ. ಜಾನ್ ಹೋಲ್ಟರ್, ಅಮೆರಿಕದ ಬೀಗದ ಕಂಪನಿಯೊಂದರಲ್ಲಿ ಮೆಷಿನ್ ಕೆಲಸದವನು. 1955ರಲ್ಲಿ ಹುಟ್ಟಿದ ಅವನ ಮಗ ಕೇಸಿಯ ತಲೆಯಲ್ಲಿ ನೀರು ತುಂಬ್ತಿತ್ತು. ಸರ್ಜನ್ ಯುಜೀನ್ ಸ್ಪಿಟ್ಜ್‌ಗೆ ಬೇಕಾಗಿದ್ದು ನೀರು ಹೊರಗೆ ಬಿಡೋ, ರಕ್ತ ಹಿಂದಕ್ಕೆ ಬಿಡದ ವಾಲ್ವ್. ತೋಟದ ಪಂಪಿನ ಫುಟ್ ವಾಲ್ವ್ ಗೊತ್ತಲ್ಲ, ಅದೇ ತತ್ವ. ಹೋಲ್ಟರ್ ಸಿಲಿಕೋನ್‌ನಲ್ಲಿ ಸೀಳು ಬಿಟ್ಟು ಮಾಡಿದ. 1956ರಲ್ಲಿ ಅದು ಮೊದಲು ಹೋಗಿದ್ದು ಬೇರೊಂದು ಮಗುವಿಗೆ. ಕೇಸಿ ಐದು ವರ್ಷದ ಹೊತ್ತಿಗೆ ತೀರಿಕೊಂಡ. ಅವನಿಗಾಗಿ ಹುಟ್ಟಿದ ಶಂಟ್ ಉಳಿಯಿತು.

ನಮ್ಮಲ್ಲಿ ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗೋ ಛಾಬ್ರಾ ಶಂಟ್ ಇದೆ. ಉಗಾಂಡಾದಲ್ಲಿ ಬೆಂಜಮಿನ್ ವಾರ್ಫ್ 195 ಮಕ್ಕಳಲ್ಲಿ ಇದನ್ನೂ ಒಂದು ವಿದೇಶಿ ಶಂಟನ್ನೂ ಹೋಲಿಸಿ 2005ರಲ್ಲಿ ವರದಿ ಕೊಟ್ಟರು. ಒಂದು ವರ್ಷದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಬೆಲೆ ಮಾತ್ರ 35 ಡಾಲರ್ ಮತ್ತು 650 ಡಾಲರ್.

ಆದರೆ ಎಂಥ ಶಂಟ್ ಆದ್ರೂ ಕಟ್ಟಿಕೊಳ್ಳಬಹುದು. ವಾಂತಿ, ತಲೆನೋವು, ಎಬ್ಬಿಸಿದ್ರೂ ಏಳದ ಮಂಪರು, ಕೂಸುಗಳಲ್ಲಿ ಉಬ್ಬಿದ ನೆತ್ತಿ ಕಂಡ್ರೆ ಮಾರನೇ ದಿನದವರೆಗೆ ಕಾಯೋ ಹಾಗಿಲ್ಲ. 2018ರ ಮಳೆಗೆ ಗುಡ್ಡ ಜರಿದು ಶಿರಾಡಿ ಘಾಟ್ ವಾರಗಟ್ಟಲೆ ಬಂದ್ ಆಗಿತ್ತು, ಮಂಗಳೂರಿನ ಆಸ್ಪತ್ರೆಗಳ ನೇರ ದಾರಿಯೇ ಇಲ್ಲ. ಶಂಟ್ ಇರೋ ಮಗುವಿನ ಮನೆಯವರು ಜೂನ್ ಬರೋ ಮೊದಲೇ ಹಾಸನದ ಕಡೆ ಯಾರ ಜೀಪು, ಯಾವ ಆಸ್ಪತ್ರೆಯಲ್ಲಿ ಸ್ಕ್ಯಾನು ಅಂತ ಕೇಳಿ ಇಟ್ಟುಕೊಂಡಿರಬೇಕು.