ಇನಾಯತ್ ಖಾನ್ ಯಾರ ಕಡೆಗೂ ನೋಡ್ತಿಲ್ಲ

ಇವತ್ತಿನ ಎಪಿಸೋಡ್ ಒಂದೇ ಒಂದು ಮುಖದ ಬಗ್ಗೆ. ಆಗೋದಾದ್ರೆ ಇಲ್ಲೇ ಪಾಸ್ ಮಾಡಿ, ‘ಸಾಯುತ್ತಿರುವ ಇನಾಯತ್ ಖಾನ್’ ಚಿತ್ರ ಹುಡುಕಿ, ಫೋನಲ್ಲಿ ತೆರೆದಿಟ್ಟುಕೊಂಡು ಕೇಳಿ.

1618ನೇ ಇಸವಿ. ಮೊಘಲ್ ಬಾದಶಹ ಜಹಾಂಗೀರನ ಆಪ್ತರಲ್ಲಿ ಒಬ್ಬನಾದ ಇನಾಯತ್ ಖಾನ್, ಅಫೀಮು ಮತ್ತು ಕುಡಿತದ ಚಟದಿಂದ ಸಾಯೋ ಸ್ಥಿತಿಗೆ ಬಂದಿದ್ದ. ಆಗ್ರಾಕ್ಕೆ ಹೋಗೋಕೆ ಅಪ್ಪಣೆ ಕೇಳಿದ. ಬಾದಶಹ ಕರೆಸಿಕೊಂಡ. ಪಲ್ಲಕ್ಕಿಯಲ್ಲಿ ಹೊತ್ತು ತಂದರು. ನೋಡಿದ ಜಹಾಂಗೀರ್ ಬೆಚ್ಚಿಬಿದ್ದ: ಬರೀ ಮೂಳೆ, ಚರ್ಮ. ಚಿತ್ರಕಾರರು ಸಣಕಲು ದೇಹವನ್ನ ಎಷ್ಟೇ ಉತ್ಪ್ರೇಕ್ಷೆ ಮಾಡಿ ಬರೆದರೂ ಇಂಥದ್ದನ್ನ ತಾನು ಕಂಡಿರಲಿಲ್ಲ ಅಂತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆಮೇಲೆ ಏನು ಮಾಡಿದ ಗೊತ್ತಾ? ಇವನ ಚಿತ್ರ ಬರೆಯಿರಿ ಅಂತ ಕಲಾವಿದರಿಗೆ ಹೇಳಿದ.

ಎರಡು ಚಿತ್ರಗಳು ಉಳಿದಿವೆ. ರೇಖೆಗಳಲ್ಲೇ ಮೂಡಿರೋ ಅಧ್ಯಯನ ಚಿತ್ರ ಬಾಸ್ಟನ್‌ನ ಮ್ಯೂಸಿಯಂನಲ್ಲಿದೆ, ಬಣ್ಣದ್ದು ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ.

ಮೊಘಲ್ ಭಾವಚಿತ್ರ ಅಂದ್ರೆ ಸಾಮಾನ್ಯವಾಗಿ ಪಕ್ಕದಿಂದ ಕಾಣೋ ಮುಖ, ಪೇಟ, ಮುತ್ತಿನ ಹಾರ, ನಡುಪಟ್ಟಿ. ಹೆಸರಿಗೆ ಭಾವಚಿತ್ರ, ಆದ್ರೆ ಮುಖದಲ್ಲಿ ಭಾವ ಕಮ್ಮಿ. ಗತ್ತು ಹೇಳೋದು ಬಟ್ಟೆ, ಒಡವೆ. ಇಲ್ಲಿ ಮುಖ ಪಕ್ಕಕ್ಕೇ ಇದೆ, ಮಿಕ್ಕಿದ್ದೆಲ್ಲ ಹೋಗಿದೆ. ಅಂಗಿ ತೆರೆದುಕೊಂಡು ಪಕ್ಕೆಲುಬು ಎಣಿಸುವ ಹಾಗೆ ಕಾಣ್ತವೆ. ಸುತ್ತ ದಪ್ಪ ದಪ್ಪ ದಿಂಬುಗಳು. ಅವು ಉಬ್ಬಿದಷ್ಟೂ ಆತ ಕುಗ್ಗಿದ ಹಾಗೆ.

ಈಗ ಕಣ್ಣಿನ ಹತ್ತಿರ ಝೂಮ್ ಮಾಡಿ. ಮೊದಲ ಸಲ ನೋಡಿದಾಗ ನನಗೆ ಅದು ದುಃಖ ಅನ್ನಿಸಿತ್ತು. ಅಲ್ಲ. ಕಾಪಾಡಿ ಅನ್ನೋ ಬೇಡಿಕೆಯೂ ಇಲ್ಲ, ಭಯವೂ ಇಲ್ಲ. ನೆಟ್ಟಗೆ ಕೂರೋದೇ ಒಂದು ಕೆಲಸ ಆಗಿಬಿಟ್ಟವನ ದಣಿವು ಅದು. ತನ್ನನ್ನ ಬರೀತಾ ಇದ್ದಾರೆ ಅನ್ನೋದೂ ಅವನಿಗೆ ಬೇಕಾಗಿಲ್ಲ.

ಇದು ಕ್ರೌರ್ಯ ಅಲ್ವಾ ಅಂತ ಕೇಳಬಹುದು. ನನಗೂ ಹಾಗೇ ಅನ್ನಿಸುತ್ತೆ. ಆದ್ರೆ ನೋಡ್ತಿದ್ದವನು ಯಾರು? ಜಹಾಂಗೀರನ ತಮ್ಮಂದಿರು ಮುರಾದ್, ದಾನಿಯಾಲ್ ಇಬ್ಬರೂ ಕುಡಿದೇ ಸತ್ತವರು. ಅವನೇ ಒಂದು ಕಾಲಕ್ಕೆ ದಿನಕ್ಕೆ 20 ಬಟ್ಟಲು ಮದ್ಯ ಕುಡೀತಿದ್ದ. ಕೈ ನಡುಗಿ, ಬೇರೆಯವರು ಬಟ್ಟಲು ಹಿಡಿದು ಕುಡಿಸಬೇಕಿತ್ತು. ಇದನ್ನೂ ಅವನೇ ಬರೆದಿಟ್ಟಿದ್ದಾನೆ. ಹಕೀಮರು ಎಚ್ಚರಿಸಿದ ಮೇಲೆ ಕಮ್ಮಿ ಮಾಡಿದ, ಬಿಡಲಿಲ್ಲ. ಅಫೀಮೂ ಇತ್ತು. ಹಾಗಾಗಿ ಆ ದಿಂಬುಗಳ ಮಧ್ಯೆ ಬಾದಶಹನಿಗೆ ಕಂಡಿದ್ದು ಇನಾಯತ್ ಖಾನ್ ಒಬ್ಬನೇ ಅಂತ ನನಗೆ ಅನ್ನಿಸಲ್ಲ.

ಬಾದಶಹ ಕೈಗೆ ಹಣ ಕೊಟ್ಟು ಕಳಿಸಿದ. ಒಂದೆರಡು ದಿನದಲ್ಲೇ ಇನಾಯತ್ ಖಾನ್ ತೀರಿಕೊಂಡ.