ಏಡಿಯ ಲೆಕ್ಕ ಬರೆದವರಾರು?

ನಮ್ಮ ಕಡೆ ಅದಕ್ಕೆ ವಿಷ ಅನ್ನೋದಿಲ್ಲ, ಔಷಧಿ ಅಂತೀವಿ. ಗದ್ದೆಗೆ ಔಷಧಿ ಹೊಡೆದರು ಅಂತೀವಿ. ಸಾಲಕ್ಕೆ ಹೆದರಿದವನು ಅದನ್ನೇ ಕುಡಿದರೆ ‘ಔಷಧಿ ಕುಡಿದು ಸತ್ತ’ ಅಂತೀವಿ. ಈ ಡಬ್ಬಕ್ಕೆ ಕಾನೂನು ಹೇಗೆ ಬಂತು, ಆ ಕಾನೂನು ಯಾರ ತಟ್ಟೆ ನೋಡಿತು, ಯಾರ ತಟ್ಟೆ ನೋಡಲಿಲ್ಲ ಎಂಬ ಚರಿತ್ರೆಯನ್ನು ನಾವು ನಮ್ಮ ಕೇರಿಯಲ್ಲಿ ನಿಂತು ಓದಬೇಕಾಗಿದೆ.

1958ರಲ್ಲಿ ಕೇರಳಕ್ಕೆ ಹೋದ ಹಡಗಿನಲ್ಲಿ ಆಹಾರದ ಮೂಟೆಗಳ ಜೊತೆಗೇ ಪ್ಯಾರಥಿಯಾನ್ ತುಂಬಿದ್ದರು. ನಮ್ಮ ಹಳ್ಳಿಗಳಲ್ಲಿ ಪಾಲಿಡಾಲ್ ಅಂತ ಹೆಸರಾದದ್ದು ಇದೇ. ಅದು ಸೋರಿ ಗೋಧಿಹಿಟ್ಟಿಗೆ ಸೇರಿತು. ತಿಂದವರಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ನ್ಯಾಯಮೂರ್ತಿ ಜೆ.ಸಿ. ಷಾ ಅವರ ವಿಚಾರಣಾ ಆಯೋಗ ಕೂತಿತು. ಸತ್ತವರ ಮೇಲೆ ಹತ್ತು ಮಳೆಗಾಲ ಕಳೆದ ಮೇಲೆ, 1968ರಲ್ಲಿ ಕೀಟನಾಶಕ ಕಾಯ್ದೆ ಬಂತು. ಅದರ ನಿಯಮಗಳು 1971ರಲ್ಲಿ ಬಂದವು. ಅಷ್ಟರಲ್ಲಿ ಹಸಿರು ಕ್ರಾಂತಿಯ ಬೀಜ, ಗೊಬ್ಬರಗಳ ಜೊತೆ ಡಬ್ಬವೂ ಊರೂರಿಗೆ ಬಂದಾಗಿತ್ತು.

ಕಾಯ್ದೆ ನೋಂದಣಿ ಕೇಳಿತು, ಲೈಸೆನ್ಸು ಕೇಳಿತು. ಡಬ್ಬದ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಹಾಕಿಸಿತು. ಕೆಂಪು ಅಂದರೆ ಅತಿ ಘೋರ. ಕೆಲಸ ಮಾಡೋರಿಗೆ ಕೈಗವಸು, ಮುಖಕ್ಕೆ ರಕ್ಷಣೆ ಕೊಡಬೇಕು ಅಂತಲೂ ಬರೆಯಿತು. ಆದರೆ ಗೌಡರ ಗದ್ದೆಯಲ್ಲಿ ಬೆನ್ನಿಗೆ ಪಂಪು ಹೊತ್ತು ಬರಿಗಾಲಲ್ಲಿ ಹೊಡೆಯೋರು ನಮ್ಮಪ್ಪಂದಿರು. ಸಾವಿರಾರು ವರ್ಷ ಅಕ್ಷರದಿಂದ ದೂರ ಇಟ್ಟವರ ಕೈಗೆ ಅಕ್ಷರ ಅಂಟಿಸಿದ ಡಬ್ಬ ಕೊಟ್ಟರು.

ಇನ್ನು ಬೆಳೆಯಲ್ಲಿ ಉಳಿಯುವ ವಿಷದ ಮಾತು. ಒಂದು ಕಿಲೋ ಧಾನ್ಯದಲ್ಲಿ ಇಷ್ಟು ಮಿಲಿಗ್ರಾಂ ಮೀರಬಾರದು ಅಂತ ಮಿತಿ ಇದೆ. ಔಷಧಿ ಹೊಡೆದು ಇಷ್ಟು ದಿನ ಬಿಟ್ಟು ಕೊಯ್ಯಬೇಕು ಅಂತ ಗಡುವು ಇದೆ. ಹಿಂದೆ 1954ರ ಆಹಾರ ಕಲಬೆರಕೆ ತಡೆ ಕಾಯ್ದೆ ಇತ್ತು, ಅದರ ಜಾಗಕ್ಕೆ 2006ರ ಆಹಾರ ಸುರಕ್ಷತಾ ಕಾಯ್ದೆ ಬಂತು. ಇವೆಲ್ಲ ಮಾರಾಟದ ಆಹಾರವನ್ನು ಅಳೆಯುವ ತಕ್ಕಡಿಗಳು. ಭೂಮಿ ಇಲ್ಲದವರು ಗದ್ದೆಯಿಂದ ತರೋದು ಏನು? ಬದುವಿನ ಬೆರಕೆ ಸೊಪ್ಪು, ಕೆಸರಿನ ಏಡಿ, ಕಾಲುವೆಯ ಸಣ್ಣ ಮೀನು. ಇದಕ್ಕೆ ಅಂಗಡಿ ಇಲ್ಲ, ರಸೀತಿ ಇಲ್ಲ. ಔಷಧಿ ಹೊಡೆದ ಸಂಜೆಯೇ ಅದು ನಮ್ಮ ಒಲೆ ಮೇಲಿರುತ್ತದೆ. ಹಸಿವಿಗೆ ಯಾವ ಗಡುವು?

1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ದಲಿತ ಕೂಲಿಗಳ ಸೊಂಟ, ಮಂಡಿ ಸವೆದು ನಡೆಯಲಾರದೆ ತೆವಳುವುದು ಹೊರಜಗತ್ತಿಗೆ ಗೊತ್ತಾಯಿತು. ಪ್ಯಾರಥಿಯಾನ್, ಎಂಡ್ರಿನ್ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣವೆಂದು ಆಗ ಅನುಮಾನ ಹುಟ್ಟಿತು. ಮುಂದಿನ ವೈದ್ಯಕೀಯ ಅಧ್ಯಯನಗಳು ಇದು ವಂಶದಲ್ಲಿ ಹರಿದುಬರುವ ಮೂಳೆ-ಕೀಲುಗಳ ರೋಗ ಅಂದವು. ಅದನ್ನು ನಾವು ಒಪ್ಪುತ್ತೇವೆ, ಸುಳ್ಳಿನ ಮೇಲೆ ಚಳವಳಿ ಕಟ್ಟಲಾಗದು. ಆದರೂ ಆ ಅನುಮಾನ ಒಂದು ಸತ್ಯ ತೋರಿಸಿಕೊಟ್ಟಿತು: ಕೂಲಿಯ ಊಟ ಯಾವ ಕಾನೂನಿನ ಲೆಕ್ಕದಲ್ಲೂ ಇರಲಿಲ್ಲ.

ಕಾಸರಗೋಡಿನಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗೇರುಬೀಜ ಪೇಟೆಗೆ ಹೋಯಿತು. ವಿಷ ಕೆಳಗಿನ ಬಾವಿಗೆ, ತೋಡಿಗೆ, ಮನೆ ಮಾಡಿಗೆ ಇಳಿಯಿತು. ದಕ್ಷಿಣ ಕನ್ನಡದ ಹಳ್ಳಿಗಳೂ ಇದೇ ಪಾಡು ಕಂಡವು. ಕೈಕಾಲು ತಿರುಚಿದ, ಮಾತು ಬಾರದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಬೀದಿಗೆ ಬಂದರು. ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆದದ್ದು 2011ರ ಮೇ 13ರಂದು.

1958ರಿಂದ 2011ರವರೆಗೆ ಚರಿತ್ರೆ ಒಂದೇ ದಾರಿ ಹಿಡಿದಿದೆ. ಮೊದಲು ಹೆಣ, ಆಮೇಲೆ ಕಾಗದ. ಧಾನ್ಯದಲ್ಲಿ ಉಳಿದ ವಿಷ ಅಳೆಯುವವರು, ಅದನ್ನು ಹೊಡೆದವನ ರಕ್ತದಲ್ಲಿ, ಕಳೆ ಕಿತ್ತವಳ ಹಾಲಿನಲ್ಲಿ ಉಳಿದದ್ದನ್ನೂ ಅಳೆಯಲಿ. ಪೇಟೆಯ ಅಕ್ಕಿಯ ಜೊತೆ ಬದುವಿನ ಸೊಪ್ಪಿನ, ಕೆಸರಿನ ಏಡಿಯ ಮಾದರಿಯನ್ನೂ ಕೊಂಡೊಯ್ಯಲಿ.

ನಮ್ಮ ಮನೆಗಳಲ್ಲಿ ಡಬ್ಬದ ಮೇಲಿನ ಅಕ್ಷರ ಓದಬಲ್ಲವರಲ್ಲಿ ನಾವೇ ಮೊದಲಿಗರು. ಪದ್ಯ ಆಮೇಲೆ ಬರೆಯೋಣ. ಮೊದಲು ಆ ಕೆಂಪು ತ್ರಿಕೋನದ ಅರ್ಥವನ್ನು ನಮ್ಮವ್ವಂದಿರಿಗೆ ಓದಿ ಹೇಳೋಣ.