ಗಾಲ್ಫ್ ಸಿಮ್ಯುಲೇಟರ್: ಅಭ್ಯಾಸದಲ್ಲಿ ಸಿಕ್ಕ ದೂರ ಕೋರ್ಸ್‌ನಲ್ಲೇಕೆ ಸಿಗದು?

ಅಭ್ಯಾಸ ವಿಭಾಗದಲ್ಲಿ 7ನೇ ಐರನ್‌ನಿಂದ 150 ಗಜ ಸಾಗಿದ ಚೆಂಡು, ಅದೇ ಸಿಮ್ಯುಲೇಟರ್‌ನಲ್ಲಿ ಕೋರ್ಸ್ ಆಟ ಆರಂಭವಾದೊಡನೆ 140 ಗಜಕ್ಕೇ ನಿಲ್ಲುವುದುಂಟು. ತನ್ನ ಸ್ವಿಂಗ್ ಕೆಟ್ಟಿತೆಂದು ಭಾವಿಸುವ ಆಟಗಾರ ಅದನ್ನು ತಿದ್ದಲು ಹೊರಡುತ್ತಾನೆ. ಆದರೆ ಅನೇಕ ವೇಳೆ ದೋಷ ಅಲ್ಲಿರುವುದೇ ಇಲ್ಲ.

ಒಳಾಂಗಣದಲ್ಲಿ ಚೆಂಡು ಕೆಲವೇ ಮೀಟರ್ ಸಾಗಿ ಪರದೆಗೆ ಬಡಿಯುತ್ತದೆ. ಆದ್ದರಿಂದ ಯಂತ್ರವು ದೂರವನ್ನು ಅಳೆಯುವುದಿಲ್ಲ, ಲೆಕ್ಕ ಹಾಕುತ್ತದೆ. ಕ್ಯಾಮೆರಾ ಅಥವಾ ರೇಡಾರ್ ಗ್ರಹಿಸುವುದು ಚೆಂಡಿನ ವೇಗ, ಮೇಲೇಳುವ ಕೋನ, ದಿಕ್ಕು ಮತ್ತು ಸ್ಪಿನ್ ಮಾತ್ರ. ಗಾಳಿ, ನೆಲ, ಎತ್ತರಗಳನ್ನು ತಂತ್ರಾಂಶವೇ ಕಲ್ಪಿಸಿಕೊಳ್ಳುತ್ತದೆ.

ಅಭ್ಯಾಸದ ಮೈದಾನ ಸಾಮಾನ್ಯವಾಗಿ ಸಮತಟ್ಟು, ಅಲ್ಲಿ ಗಾಳಿಯಿಲ್ಲ. ಕೋರ್ಸ್ ಹಾಗಲ್ಲ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಕೋರ್ಸ್‌ನ 7ನೇ ಹೋಲ್ ಸುಮಾರು 106 ಗಜದ್ದು, ಅದೂ ಸಮುದ್ರದತ್ತ ಇಳಿಜಾರು. ಆದರೂ 1992ರ ಯು.ಎಸ್. ಓಪನ್‌ನ ಕೊನೆಯ ದಿನ ಬೀಸಿದ ಬಿರುಗಾಳಿಯಲ್ಲಿ ಟಾಮ್ ಕೈಟ್ ಅಲ್ಲಿ 6ನೇ ಐರನ್ ಹಿಡಿಯಬೇಕಾಯಿತು. ಗಾಳಿಯ ಆಯ್ಕೆ ಚಾಲ್ತಿಯಲ್ಲಿದ್ದರೆ ಸಿಮ್ಯುಲೇಟರ್ ಕೂಡ ಇಂತಹ ಲೆಕ್ಕವನ್ನೇ ಮಾಡುತ್ತದೆ. ಇನ್ನು ಚೆಂಡು ರಫ್‌ಗೋ ಬಂಕರ್‌ಗೋ ಬಿದ್ದಿತೆಂದಿಟ್ಟುಕೊಳ್ಳಿ. ಆಟಗಾರ ನಿಂತಿರುವುದು ಅದೇ ಚಾಪೆಯ ಮೇಲೆ. ಆದರೂ ಹಲವು ತಂತ್ರಾಂಶಗಳು ಮುಂದಿನ ಹೊಡೆತದ ದೂರವನ್ನು ದಂಡವಾಗಿ ಕಡಿತಗೊಳಿಸುತ್ತವೆ.

ಎತ್ತರದ ಪಾತ್ರವೂ ಕಡಿಮೆಯೇನಲ್ಲ. ತೆಳುವಾದ ಗಾಳಿಯಲ್ಲಿ ಚೆಂಡಿಗೆ ತಡೆ ಕಡಿಮೆ. ಪ್ರತಿ 1000 ಅಡಿಗೆ ದೂರ ಶೇ. 1ಕ್ಕಿಂತ ತುಸು ಹೆಚ್ಚುತ್ತದೆಂಬುದು ಸ್ಥೂಲ ಲೆಕ್ಕ. ಸುಮಾರು 3000 ಅಡಿ ಎತ್ತರದ ಬೆಂಗಳೂರಿನಲ್ಲಿ 155 ಗಜ ಹೋಗುವ ಹೊಡೆತ, ಕಡಲತಡಿಯ ಮಂಗಳೂರಿನಲ್ಲಿ 150ರ ಆಸುಪಾಸಿನಲ್ಲಿ ನಿಂತೀತು. ಅಭ್ಯಾಸವನ್ನು ಒಂದು ಎತ್ತರಕ್ಕೂ ಕೋರ್ಸನ್ನು ಇನ್ನೊಂದಕ್ಕೂ ಹೊಂದಿಸಿದ್ದರೆ ಅಂಕಿ ಬದಲಾಗಲೇಬೇಕು.

ಗೊಂದಲಕ್ಕೆ ಮತ್ತೊಂದು ಮೂಲವಿದೆ. ಚೆಂಡು ಗಾಳಿಯಲ್ಲಿ ಸಾಗಿದ ದೂರ ಕ್ಯಾರಿ. ಉರುಳಿದ್ದೂ ಸೇರಿದರೆ ಒಟ್ಟು ದೂರ. ಅಭ್ಯಾಸದಲ್ಲಿ ಒಟ್ಟು ದೂರವನ್ನು ನೆನಪಿಟ್ಟುಕೊಂಡು ಕೋರ್ಸ್‌ನಲ್ಲಿ ಅದನ್ನೇ ಕ್ಯಾರಿಯೆಂದು ನಂಬಿದರೆ, ಗ್ರೀನ್ ಮುಂದಿನ ಹೊಂಡದಲ್ಲಿ ಚೆಂಡು ಮುಳುಗುವುದು ಖಚಿತ.

ಸ್ವಿಂಗ್ ಬದಲಿಸುವ ಮುನ್ನ ಮಾಡಬೇಕಾದ ಪರೀಕ್ಷೆ ಸರಳ. ಗಾಳಿಯನ್ನು ಶೂನ್ಯಕ್ಕಿಳಿಸಿ, ಎತ್ತರ, ತಾಪಮಾನಗಳನ್ನು ಎರಡೂ ಕಡೆ ಒಂದೇ ಮಾಡಿ, ಸಮತಟ್ಟಾದ ಫೇರ್‌ವೇಯಿಂದ ಅದೇ ಕ್ಲಬ್‌ನಲ್ಲಿ ಹತ್ತು ಚೆಂಡು ಹೊಡೆದು, ದೂರದ ಬದಲು ಚೆಂಡಿನ ವೇಗವನ್ನು ಹೋಲಿಸಬೇಕು. ವೇಗ, ಕೋನ, ಸ್ಪಿನ್ ಮೂರೂ ಒಂದೇ ಇದ್ದು ದೂರ ಮಾತ್ರ ಬೇರೆಯಾದರೆ ಅದು ತಂತ್ರಾಂಶದ ಹೊಂದಾಣಿಕೆಯ ಫಲ. ವೇಗವೇ ಕುಸಿದಿದ್ದರೆ, ಸ್ಕೋರಿನ ಚಿಂತೆಯಲ್ಲಿ ಆಟಗಾರನ ತೋಳು ಬಿಗಿಯಾಗಿರಬಹುದು. ತರಬೇತುದಾರರ ಬಳಿ ಹೋಗಬೇಕಾದದ್ದು ಆಗ.